ಬೆಟ್ಟದ ಮೇಲೆ ಆಡಬಾರದ ಮಾತು

"ಐಸ್ ಮೇಲೆ ಜಾರಿದ್ರಾ?"

ಅವನಿ ತಲೆಯೆತ್ತಿದಳು. ಸ್ವೀಡನ್ನಿನ ಫ್ಲೆಮಿಂಗ್ಸ್‌ಬೆರ್ಯ್ ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ ಅವಳ ಎಡಗಾಲನ್ನು ಒಂದು ಮೆಷಿನ್ನಿಗೆ ಕಟ್ಟಿ ಕೂರಿಸಿದ್ದರು. ಈಗಷ್ಟೇ ಅಮ್ಮನ ಜೊತೆ ಫೋನಿನಲ್ಲಿ ಜಗಳವಾಡಿ ಮುಗಿಸಿದ್ದಳು. ಎದುರಿಗೆ ನಿಂತಿದ್ದ ಹುಡುಗ ಅದನ್ನು ಕೇಳಿಸಿಕೊಂಡೇ ಕನ್ನಡದಲ್ಲಿ ಮಾತು ತೆಗೆದಿದ್ದ. ಕೊರಳಿನ ಕಾರ್ಡಿನಲ್ಲಿ ಅಭಯ್ ಎಂಬ ಹೆಸರಿತ್ತು, ಕೆಳಗೆ ಸಂಶೋಧನಾ ವಿದ್ಯಾರ್ಥಿ ಎಂದಿತ್ತು.

"ಫಸ್ಟ್ ವಿಂಟರ್ ನಮ್ಮವರಿಗೆಲ್ಲ ಇದೇ ಗತಿ," ಅಂತ ಅವನು ಪಟ್ಟಿ ಬಿಗಿ ಮಾಡುತ್ತಾ ಶುರುಮಾಡಿದ. "ಬೆಂಗಳೂರಿಂದ ತಂದ ಶೂ ಹಾಕ್ಕೊಂಡು ಟ್ರೈನಿಗೆ ಓಡೋದು, ದೊಪ್ ಅಂತ ಬೀಳೋದು. ಶೂ ಕೆಳಗೆ ಹಾಕ್ಕೊಳ್ಳೋಕೆ ಮೊಳೆ ಇರೋ ರಬ್ಬರ್ ಸಿಗತ್ತೆ ಗೊತ್ತಾ? ಯಾವ ಸೂಪರ್ ಮಾರ್ಕೆಟ್‌ನಲ್ಲಾದ್ರೂ ಸಿಗತ್ತೆ. ಅದೊಂದು ಹಾಕ್ಕೊಂಡಿದ್ರೆ ಈ ಆಪರೇಷನ್ನೇ ಬೇಕಿರ್ಲಿಲ್ಲ ನಿಮಗೆ."

"ಹಾಕ್ಕೊಂಡಿದ್ದೆ. ಎರಡು ಮೀಟರ್ ಉದ್ದದ್ದು."

"ಏನು?"

"ಜಾರಿದ್ದು ಖರೆ. ಗಂಟೆಗೆ ನೂರು ಕಿಲೋಮೀಟರ್ ಸ್ಪೀಡ್‌ನ್ಯಾಗ."

ಅಭಯ್ ಕಂಪ್ಯೂಟರ್ ಕಡೆ ತಿರುಗಿ ಅವಳ ಪೂರ್ತಿ ಹೆಸರು ಓದಿದ. ಅವನಿ ನೂರ್‌ಹೆಡ್. ಕಳೆದ ವಾರ ಟೀವಿಯಲ್ಲಿ, ಸ್ಕೀ ರೇಸಿನಲ್ಲಿ ಬಿದ್ದ ಮೇಲೆ ಹೆಲಿಕಾಪ್ಟರಿಗೆ ಏರಿಸುತ್ತಿದ್ದದ್ದು ಈ ಹುಡುಗಿಯನ್ನೇ. ಅವನ ಕಿವಿ ತುದಿಯಿಂದ ಬುಡದವರೆಗೆ ಕೆಂಪಾಗುವುದನ್ನು ಅವಳು ಆರಾಮಾಗಿ ಕೂತು ನೋಡಿದಳು. ನಗಬೇಕು ಅನ್ನುವಷ್ಟರಲ್ಲಿ ಮೆಷಿನ್ನು ಮಂಡಿಯನ್ನು ಮಡಿಸಿತು. ನಗು ಅರಚಾಟವಾಯಿತು.

ಅವನು ಓಡಿಬಂದು ಸ್ವಿಚ್ಚು ಒತ್ತಿದ. "ಸಾರಿ. ಮೆಷಿನ್‌ಗೂ ಸೇರಿಸಿ ಸಾರಿ."

"ಮೆಷಿನ್ ಪಾಪದ್ದು. ಅದು ಲೆಕ್ಚರ್ ಕೊಟ್ಟಿಲ್ಲ."

ಇದು ಎರಡು ಸಾವಿರದ ಹದಿನೈದರ ಚಳಿಗಾಲದ ಮಾತು.

ಅವನಿಯ ಮನೆಯ ಕಥೆಯನ್ನು ಮೂಳೆಗಳ ಲೆಕ್ಕದಲ್ಲೇ ಹೇಳಬಹುದಿತ್ತು. ಯೆಮ್ಟ್‌ಲಾಂಡ್ ಪ್ರಾಂತ್ಯದ ಒಂದು ಪುಟ್ಟ ಬೆಟ್ಟದೂರಿನಲ್ಲಿ ಅವಳ ಅಜ್ಜ ಸೊಂಟ ಮುರಿದುಕೊಳ್ಳುವವರೆಗೆ ಸ್ಕೀ ಓಡಿಸಿದ. ಅಪ್ಪ ಬೆಂಗ್ಟ್ ಎರಡು ಮಂಡಿಗಳೂ ಹೋಗುವವರೆಗೆ ದೇಶದ ತಂಡದಲ್ಲಿದ್ದ. ಧಾರವಾಡದಿಂದ ಓದಲು ಬಂದಿದ್ದ ಕಾಂಚನಾ ಅವನನ್ನು ಮೊದಲು ನೋಡಿದ್ದೇ ಅವನು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಸ್ ಸ್ಟಾಪಿನಲ್ಲಿ ಕೂತಿದ್ದಾಗ. ಅಯ್ಯೋ ಪಾಪ ಅನ್ನಿಸಿ ಶುರುವಾದದ್ದು ಮದುವೆಗೆ ಬಂದು ನಿಂತಿತು. ಅಣ್ಣ ಆದಿ ಇಪ್ಪತ್ತಮೂರಕ್ಕೇ ಬೆನ್ನು ಮುರಿದುಕೊಂಡ. ಈಗ ಅದೇ ಬೆಟ್ಟದಲ್ಲಿ ಹಿಮ ಹದ ಮಾಡುವ ಗಾಡಿ ಓಡಿಸುತ್ತಿದ್ದ, ನೋವಿನ ಮಾತ್ರೆಗಳನ್ನು ಅವಲಕ್ಕಿ ತಿಂದಂತೆ ತಿನ್ನುತ್ತಿದ್ದ. ಉಳಿದವಳು ಅವನಿ. ಮನೆಯ ಅಷ್ಟೂ ಜನರ ಆಸೆ ಒಬ್ಬಳ ಎರಡು ಕಾಲಿನ ಮೇಲೆ ಬಂದು ಕೂತಿತ್ತು. ಅದರಲ್ಲಿ ಒಂದು ಕಾಲು ಈಗ ಮೆಷಿನ್ನಿನಲ್ಲಿತ್ತು.

ಅಭಯ್ ರಾಜಾಜಿನಗರದ ಹುಡುಗ. ಸೊಲ್ಲೆಂಟುನಾದಲ್ಲಿ ಸಣ್ಣ ಮನೆ ಮಾಡಿಕೊಂಡು ದಿನಾ ಟ್ರೈನಿನಲ್ಲಿ ಬರುತ್ತಿದ್ದ. ಮಂಡಿ ಹೋದವರ ತೊಡೆಗೆ ಎಷ್ಟು ಶಕ್ತಿ ವಾಪಸು ಬಂತು ಎಂದು ಅಳೆಯುವುದು ಅವನ ಕೆಲಸ. ಅವನಿಯ ತೊಡೆಗೆ ಶಕ್ತಿ ಬರಬರುತ್ತಾ ಅವನ ಮಾತಿನ ಶಕ್ತಿ ಹೋಗುತ್ತಾ ಬಂತು. "ಇನ್ನೊಂದ್ಸಲ ಒತ್ತಿ" ಅನ್ನುವುದನ್ನು ಕೂಡ ಗೋಡೆ ನೋಡಿಕೊಂಡು ಹೇಳುತ್ತಿದ್ದ.

"ಆ ಗೋಡಿಗೂ ಮಂಡಿ ಹೋಗೇದೇನು?" ಅಂತ ಒಂದು ದಿನ ಅವಳು ಕೇಳಿದಳು.

"ಯಾಕೆ?"

"ಅದರ ಕಡೆನೇ ನೋಡ್ತೀರಲ್ಲ."

ಆಗ ಅವನು ನೋಡಿದ. ಒಂದೇ ಸಲ, ಆದರೆ ಪೂರ್ತಿ ನೋಡಿದ. ಬೆವರಿನಿಂದ ಹಣೆಗೆ ಅಂಟಿದ್ದ ಕೂದಲು, ಗದ್ದದ ಮೇಲಿನ ಹಳೆಯ ಹೊಲಿಗೆ ಗುರುತು, ಅಮ್ಮನಿಂದ ಬಂದ ಕಪ್ಪು ಕಣ್ಣು, ಅಪ್ಪನಿಂದ ಬಂದ ಮೊಂಡು ಮೂಗು. ಅವನಿ ಸಾವಿರಾರು ಜನ ನೋಡುತ್ತಿದ್ದಾಗ ಬೆಟ್ಟ ಇಳಿದವಳು. ಈ ಒಬ್ಬನ ನೋಟಕ್ಕೆ ಟವೆಲು ಮುಖಕ್ಕೆಳೆದುಕೊಂಡಳು.

ಅವನ ಅಳತೆಯ ಕೆಲಸ ಮುಗಿದ ಮೇಲೆ, ಅವನ ಸಂಶೋಧನೆಯ ಮಾರ್ಗದರ್ಶಿ ಮೇಡಂ ಅವರ ಅನುಮತಿ ಕೇಳಬೇಕಾದ ಕಾಲ ಕಳೆದ ಮೇಲೆ, ಇಬ್ಬರೂ ಫಿಕಾಗೆ, ಅಂದರೆ ಇಲ್ಲಿನವರ ಕಾಫಿ-ತಿಂಡಿಗೆ, ಹೋದರು. ಒಂದು ಕಾಫಿ, ಒಂದು ದಾಲ್ಚಿನ್ನಿ ಬನ್ನು, ಎರಡು ಚಮಚ. ಎದ್ದಾಗ ಹೊರಗೆ ಹಿಮ ಬೀಳುತ್ತಿತ್ತು. ಅವಳು ಊರುಗೋಲು ಬಿಟ್ಟು ಇನ್ನೂ ವಾರವಾಗಿರಲಿಲ್ಲ.

"ಹುಷಾರು," ಅಂದ ಅಭಯ್, ಬಾಗಿಲು ಹಿಡಿದುಕೊಂಡು.

ಅವನಿ ನಿಂತುಬಿಟ್ಟಳು. "ಆ ಮಾತು ನಮ್ಮನ್ಯಾಗ ಯಾರೂ ಆಡೂದಿಲ್ಲ."

"ಯಾವ ಮಾತು? ಹುಷಾರಾ? ನಮ್ಮಮ್ಮ ದಿನಕ್ಕೆ ನೂರು ಸಲ ಹೇಳ್ತಾಳೆ. ಬಾತ್‌ರೂಮಿಗೆ ಹೋದ್ರೂ ಹೇಳ್ತಾಳೆ."

ಅವಳು ನಗಲಿಲ್ಲ, ಬಿಡಿಸಿ ಹೇಳಿದಳು. ಹುಷಾರು ಅಂದ ಕೂಡಲೇ ಮನುಷ್ಯ ಸ್ವಲ್ಪ ಹಿಂದಕ್ಕೆ ವಾಲುತ್ತಾನೆ. ರಸ್ತೆಯಲ್ಲಾದರೆ ಅದು ಒಳ್ಳೆಯದು, ಬೆಟ್ಟದಲ್ಲಲ್ಲ. ಸ್ಕೀ ಮೇಲೆ ಭಾರ ಹಿಂದಕ್ಕೆ ಹೋಯಿತು ಅಂದರೆ ಮಂಡಿ ಹೋಯಿತು. ಮುಂದಕ್ಕೆ, ಆ ಇಳಿಜಾರಿನ ಬಾಯಿಗೇ ಎದೆ ಕೊಟ್ಟವನು ಬದುಕಿಕೊಳ್ಳುತ್ತಾನೆ. ಅದಕ್ಕೇ ಅಪ್ಪ ಮದುವೆಯಾದ ವರ್ಷವೇ ಅಮ್ಮನಿಗೆ ಹೇಳಿದ್ದ: ಬೇರೆ ಏನು ಬೇಕಾದರೂ ಅನ್ನು, ಬೆಟ್ಟಕ್ಕೆ ಹೊರಟವರಿಗೆ ಅದೊಂದು ಮಾತು ಅನ್ನಬೇಡ. ಅಮ್ಮ ಆವತ್ತಿನಿಂದ ಅಂದಿಲ್ಲ.

"ಮತ್ತೆ ನಿಮ್ಮಮ್ಮ ಏನಂತಾರೆ?"

"'ಸಾರು ಬಿಸಿ ಇರ್ತದ' ಅಂತಾಳ."

ಆ ಮನೆಯಲ್ಲಿ ಇನ್ನೊಂದು ವಿಚಿತ್ರವಿತ್ತು. ರೇಸಿನ ದಿನ ದಾರಿಯ ಮಧ್ಯೆ ಒಬ್ಬರು ರೇಡಿಯೋ ಹಿಡಿದು ನಿಲ್ಲುತ್ತಾರೆ. ಮುಂಚೆ ಹೋದವರು ಎಲ್ಲಿ ಎಡವಿದರು, ಹಿಮ ಎಲ್ಲಿ ಕಿತ್ತಿದೆ ಎಂದು ಮೇಲಿರುವವರಿಗೆ ತಿಳಿಸುತ್ತಾರೆ. ಬೇರೆ ತಂಡದವರೂ ಕದ್ದು ಕೇಳುತ್ತಾರೆ. ನೂರ್‌ಹೆಡ್ ಮನೆಯವರು ಮಾತ್ರ ಕನ್ನಡದಲ್ಲಿ ಹೇಳುತ್ತಿದ್ದರು. ಎಡ, ಬಲ, ಗುಂಡಿ, ಗಟ್ಟಿ, ಮತ್ತೆ ತಡೆಯದೆ ಇಳಿ ಅನ್ನುವುದಕ್ಕೆ ಬಿಡು. ಬೆಂಗ್ಟ್‌ಗೆ ಬರುತ್ತಿದ್ದ ಕನ್ನಡ ಅಷ್ಟೇ. ಅಷ್ಟೂ ಬೆಟ್ಟದ ಕನ್ನಡ.

ಅಭಯ್‌ಗೆ ಇದು ಬಹಳ ಇಷ್ಟವಾಯಿತು. ಆ ಚಳಿಗಾಲ, ಮುಂದಿನ ಚಳಿಗಾಲ, ರಜೆ ಸಿಕ್ಕಾಗೆಲ್ಲ ಅವನು ರೈಲು ಹತ್ತಿ ಬೆಟ್ಟದೂರಿಗೆ ಹೋದ. ಡಾಗಿಸ್ ಅನ್ನುವ ಶಿಶುವಿಹಾರದ ಮಕ್ಕಳ ಇಳಿಜಾರಿನಲ್ಲಿ ಸ್ಕೀ ಕಲಿತ. ಸೊಂಟದೆತ್ತರದ ಮಕ್ಕಳು ಅವನನ್ನು ಸುತ್ತು ಹಾಕಿಕೊಂಡು ಹೋಗುತ್ತಿದ್ದವು. ಒಂದು ಮಗು ನಿಂತು ಸ್ವೀಡಿಷ್‌ನಲ್ಲಿ "ಅಂಕಲ್, ಎದ್ದೇಳೋದು ಹೇಗೆ ಅಂತ ತೋರಿಸಲಾ?" ಅಂತ ಕೇಳಿತು. ಅವನಿ ಬೇಲಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನಗು, ನಗು. ಡಾಕ್ಟರೇಟ್ ಮಾಡ್ತಿರೋನು ನಾನು."

"ಕುಂಡಿ ಮ್ಯಾಲೆ ಮಾಡಾಕತ್ತೀಯೇನ್ ಡಾಕ್ಟರೇಟು?"

ಕೈ ಕೊಟ್ಟು ಎಬ್ಬಿಸಿದಳು. ಎದ್ದ ಮೇಲೂ ಅವನು ಕೈ ಬಿಡಲಿಲ್ಲ. ದಪ್ಪ ಗ್ಲವುಸಿನ ಮೇಲೆ ದಪ್ಪ ಗ್ಲವುಸು; ಬೆರಳಿಗೆ ಬೆರಳು ತಾಗುತ್ತಿರಲಿಲ್ಲ, ಆದರೂ ಅವಳೂ ಬಿಡಿಸಿಕೊಳ್ಳಲಿಲ್ಲ. "ನೀ ಅಲ್ಲಿ ಮೇಲೆ ನಿಂತಿರೋವಾಗ ನನಗೆ ಕೆಳಗೆ ನಿಂತಿರೋಕೆ ಆಗಲ್ಲ ಕಣೇ," ಅಂದ. ಅವಳು ಅವನ ಟೋಪಿಯ ಮೇಲಿನ ಹಿಮ ಒರೆಸಿ, ಅಲ್ಲಿಂದ ಇಳಿದ ಕೈಯನ್ನು ಅವನ ಕೆನ್ನೆಯ ಮೇಲೇ ಇಟ್ಟಳು.

ಬೆಂಗ್ಟ್ ಇದನ್ನೆಲ್ಲ ನೋಡಿಯೂ ನೋಡದಂತಿದ್ದ. ಅವನ ಕಣ್ಣು ಮಗಳ ತೊಡೆಗೆ ವಾಪಸು ಬರುತ್ತಿದ್ದ ಶಕ್ತಿಯ ಮೇಲಿತ್ತು.

ಎರಡು ಸಾವಿರದ ಹದಿನೇಳರ ಮಾರ್ಚಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ಬಂತು. ಗೆದ್ದರೆ ಅವನಿ ದೇಶದ ತಂಡಕ್ಕೆ ವಾಪಸು, ಮುಂದಿನ ಚಳಿಗಾಲಕ್ಕೆ ಒಲಿಂಪಿಕ್ಸು. ಸೋತರೆ ಇನ್ಯಾರೂ ಅವಳಿಗಾಗಿ ಕಾಯುವುದಿಲ್ಲ ಎಂದು ತಂಡದವರು ಮುಖದ ಮೇಲೇ ಹೇಳಿದ್ದರು. ಇಪ್ಪತ್ತಾರು ವರ್ಷದ ಹೊಲಿದ ಮಂಡಿಗೆ ಇದಕ್ಕಿಂತ ಜಾಸ್ತಿ ಅವಕಾಶ ಯಾರು ಕೊಡುತ್ತಾರೆ?

ರೇಡಿಯೋ ಹಿಡಿದು ದೊಡ್ಡ ಜಿಗಿತದ ಹತ್ತಿರ ನಿಲ್ಲುವುದು ಆದಿಯ ಕೆಲಸ. ಆ ಬೆಳಿಗ್ಗೆ ಅವನ ಬೆನ್ನು ಹಿಡಿದುಕೊಂಡಿತು. ಶೂ ಹಾಕಿಕೊಳ್ಳಲು ಬಗ್ಗಿದವನು ಹಾಗೇ ನೆಲದ ಮೇಲೆ ಉಳಿದ. ಬೆಂಗ್ಟ್ ಅಡುಗೆಮನೆಯಲ್ಲಿ ಒಬ್ಬೊಬ್ಬರ ಮುಖ ನೋಡಿ, ಕೊನೆಗೆ ರೇಡಿಯೋವನ್ನು ಅಭಯ್ ಮುಂದೆ ಇಟ್ಟ. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ಹೆಣ್ಣು ಕೊಟ್ಟ ಹಾಗೇ.

"ಕಂಡದ್ದು ಹೇಳು," ಅಂದ ಬೆಂಗ್ಟ್ ಸ್ವೀಡಿಷ್‌ನಲ್ಲಿ. "ಅನ್ನಿಸಿದ್ದು ಬೇಡ."

ಕಾಂಚನಾ ಬಾಗಿಲಲ್ಲಿ ನಿಂತಿದ್ದರು. "ಸಾರು ಬಿಸಿ ಇರ್ತದವಾ," ಅಂದರು ಮಗಳಿಗೆ. ಅಭಯ್ ಅವರ ಕೈ ನೋಡಿದ. ಬಾಗಿಲ ಹಿಡಿಯನ್ನು ಅವರು ಬಿಗಿಯಾಗಿ ಹಿಡಿದುಕೊಂಡಿದ್ದರು.

ಅವನಿ ಮೇಲೆ ಕಾಯುತ್ತಿದ್ದಳು. ಅವಳಿಗಿಂತ ಮುಂಚಿನ ಹುಡುಗಿ ಇಳಿದಳು; ಆಮೇಲೆ ರೇಸು ನಿಂತಿತು. ಬಿದ್ದಿದ್ದಾಳೆ ಎಂದು ಎಲ್ಲರಿಗೂ ಗೊತ್ತಾಯಿತು. ದೂರದಲ್ಲಿ ಹೆಲಿಕಾಪ್ಟರ್ ಸದ್ದಾಯಿತು, ಹತ್ತಿರವಾಯಿತು, ಮತ್ತೆ ದೂರವಾಯಿತು. ಅಪ್ಪ ಅವಳ ಸ್ಕೀ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತಿದ್ದ. ಅವಳಿಗೆ ಬರಿಯ ಆ ಹೆಬ್ಬೆರಳು ಕಾಣುತ್ತಿತ್ತು.

ಅಪ್ಪನ ಎದೆಯ ಮೇಲಿದ್ದ ರೇಡಿಯೋ ಗೊರ್ ಅಂದಿತು. ಅಭಯ್‌ನ ದನಿ. ಚಳಿಗೆ ನಡುಗುತ್ತಿದ್ದರೂ ಮಾತು ಸ್ಪಷ್ಟವಾಗಿತ್ತು.

"ಜಂಪ್ ಆದ್ಮೇಲೆ ಬಲಕ್ಕೆ ಗುಂಡಿ. ದೊಡ್ಡದು. ಎಡಕ್ಕೆ ಹಿಡಿ. ಎಡಕ್ಕೆ ಗಟ್ಟಿ ಇದೆ. ಬಿಡು."

ಅಪ್ಪ ತಲೆಯಾಡಿಸಿದ. ಚೆನ್ನಾಗಿ ಹೇಳಿದ್ದ, ಆದಿಯೂ ಇದಕ್ಕಿಂತ ಚೆನ್ನಾಗಿ ಹೇಳುತ್ತಿರಲಿಲ್ಲ. ಆದರೆ ಅಭಯ್ ಬಟನ್ನು ಬಿಟ್ಟಿರಲಿಲ್ಲ. ಗಾಳಿಯ ಸದ್ದು ಕೇಳುತ್ತಲೇ ಇತ್ತು, ಅದರ ಒಳಗೆ ಅವನ ಉಸಿರು ಕೇಳುತ್ತಿತ್ತು.

"ಅವನಿ... ಹುಷಾರು ಕಣೇ."

ಬೆಂಗ್ಟ್‌ನ ಹೆಬ್ಬೆರಳು ನಿಂತಿತು. ಅವನಿಗೆ ಬರುತ್ತಿದ್ದ ಐದು ಕನ್ನಡ ಮಾತಿನ ಆಚೆ ಅದೊಂದು ಮಾತೂ ಗೊತ್ತಿತ್ತು. ತಂದೆ ಮಗಳು ಒಬ್ಬರನ್ನೊಬ್ಬರು ನೋಡಿದರು. ಅಷ್ಟರಲ್ಲಿ ಅವಳ ಸರದಿಯ ಗಂಟೆ ಹೊಡೆಯಿತು.

ಮೇಲಿನ ಅರ್ಧವನ್ನು ಅವಳು ಬದುಕಿನಲ್ಲೇ ಓಡಿಸದ ಹಾಗೆ ಓಡಿಸಿದಳು ಎಂದು ಆಮೇಲೆ ಎಲ್ಲರೂ ಹೇಳಿದರು. ಜಿಗಿತ ಬಂತು. ಅಂಚಿನಲ್ಲಿ ಕಿತ್ತಳೆ ಜಾಕೆಟ್ ಹಾಕಿ ನಿಂತಿದ್ದ ಅಭಯ್ ಕಂಡ. ಅವಳ ಎದೆ ಮುಂದೆ ಹೋಗಬೇಕಾದ ಕ್ಷಣದಲ್ಲಿ ಒಂದಿಷ್ಟು, ಕೂದಲೆಳೆಯಷ್ಟು, ಹಿಂದಕ್ಕೆ ಸರಿಯಿತು. ಗಾಳಿಯಲ್ಲೇ ಅವಳಿಗೆ ಗೊತ್ತಾಯಿತು. ಸ್ಕೀಯ ಹಿಂಬದಿ ಮೊದಲು ನೆಲಕ್ಕೆ ತಾಗಿತು, ಹೊಲಿದ ಮಂಡಿಯೊಳಗೆ ಹಸಿ ಕಟ್ಟಿಗೆ ಮುರಿದಂಥ ಸದ್ದಾಯಿತು.

ಕಣ್ಣು ಬಿಟ್ಟಾಗ ಅಭಯ್ ಪಕ್ಕದಲ್ಲಿ ಮಂಡಿಯೂರಿದ್ದ. ಮೇಲಿಂದ ಅಪ್ಪ ಇಳಿದು ಬಂದ. ಮೊದಲು ಅವಳ ಸ್ಕೀಗಳನ್ನು ಹುಡುಕಿ ತಂದು, ತೋಳಿನಿಂದ ಹಿಮ ಒರೆಸಿ, ಪಕ್ಕಕ್ಕೆ ಮಲಗಿಸಿದ. ಆ ಮನೆಯ ಪದ್ಧತಿ ಅದು. ಆಮೇಲೆ ಅಭಯ್ ಎದುರು ನಿಂತು ಕೈ ಚಾಚಿದ. ಅಭಯ್ ಆ ಕೈಯಲ್ಲಿ ರೇಡಿಯೋ ಇಟ್ಟ. ಅವತ್ತು ಅವರಿಬ್ಬರ ನಡುವೆ ನಡೆದ ಮಾತುಕತೆ ಅಷ್ಟೇ.

ಆ ಸಂಜೆಯ ರೈಲಿಗೇ ಅಭಯ್ ಹೊರಟುಹೋದ. "ತಪ್ಪು ನಂದೇ. ನಿನ್ನ ಮುಂದೆ ನಿಲ್ಲೋ ಯೋಗ್ಯತೆ ಇಲ್ಲ" ಎಂದು ಮೆಸೇಜು ಕಳಿಸಿದ. ಆಮೇಲೆ ಅವಳು ಎಷ್ಟು ಸಲ ಮಾಡಿದರೂ ಫೋನು ಎತ್ತಲಿಲ್ಲ.

ಅವನಿ ಆಪರೇಷನ್ ಆಗಿ ಮನೆಗೆ ಬಂದು ಮಲಗಿದಳು. ಹಿಮ ಕರಗಿ ಅಂಗಳವೆಲ್ಲ ಕೆಸರಾಯಿತು. ಅಪ್ಪ ಕಾಗದದ ಮೇಲೆ ಗೆರೆ ಎಳೆದು ತೋರಿಸಿದ: ಬೇಸಿಗೆಯಲ್ಲಿ ಇನ್ನೊಂದು ಆಪರೇಷನ್, ಒಲಿಂಪಿಕ್ಸ್ ಹೋದರೆ ಹೋಗಲಿ, ಅದರ ಮುಂದಿನ ವರ್ಷ ವಿಶ್ವ ಚಾಂಪಿಯನ್‌ಶಿಪ್ ನಮ್ಮ ದೇಶದಲ್ಲೇ ಇದೆ. "ಆ ಹುಡುಗನ ಮಾತಿಲ್ಲದಿದ್ದರೆ ಇವತ್ತು ನೀನು ತಂಡದಲ್ಲಿರುತ್ತಿದ್ದೆ," ಅಂದ. ಗೆರೆಯ ಮೇಲಿಂದ ಕಣ್ಣೆತ್ತಲಿಲ್ಲ.

ಅಪ್ಪ ಹೊರಗೆ ಹೋದ ಮೇಲೆ ಕಾಂಚನಾ ಬಂದು ಹಾಸಿಗೆಯ ಅಂಚಿನಲ್ಲಿ ಕೂತರು. ಮಗಳ ತಲೆಗೆ ಎಣ್ಣೆ ಹಚ್ಚತೊಡಗಿದರು.

"ಅವನಿ, ಒಂದ್ ಮಾತ್ ಕೇಳಲಾ? ನಿಮ್ಮಪ್ಪನ ಎರಡನೇ ಮಂಡಿ ಹೋದಾಗ ನಾ ಏನರೆ ಅಂದಿದ್ನೇನು?"

"ಇಲ್ಲ."

"ಆದಿ ಬೆನ್ನು ಮುರಕೊಂಡ ದಿನ? ಅವತ್ತೂ ಸಾರಿನ ಮಾತೇ ಆಡಿ ಕಳಿಸಿದ್ದೆ. ಬಾಯಿ ತನಕ ಬಂದದ್ದನ್ನ ನುಂಗಿದೆ. ಮದುವಿ ಆದಾಗಿಂದ ನುಂಗಾಕತ್ತೀನಿ. ನಾ ಅನ್ನಲಿಲ್ಲ ಅಂತ ಯಾರ ಎಲುಬು ಉಳೀತು ಹೇಳು?" ಅವರ ಕೈ ನಿಂತಿತು. "ಆ ಹುಡುಗನ ಮ್ಯಾಲೆ ನಂಗ ಸಿಟ್ಟಿಲ್ಲ. ಹೊಟ್ಟಿಕಿಚ್ಚದ. ನನ್ನಿಂದ ಆಗಲಾರದ್ದು ಅವ ಅಂದ."

ಅವನಿ ಅಮ್ಮನ ಎಣ್ಣೆ ಕೈಯನ್ನು ಹಾಗೇ ಹಿಡಿದು ಮುಖಕ್ಕೊತ್ತಿಕೊಂಡಳು. ಬಿದ್ದ ದಿನದಿಂದ ಬಾರದ ಅಳು ಆಗ ಬಂತು.

ಮರುದಿನ ಊರುಗೋಲು ಊರಿಕೊಂಡು ಅಪ್ಪನ ಶೆಡ್ಡಿಗೆ ಹೋದಳು. ಬೆಂಗ್ಟ್ ಅವಳ ಸ್ಕೀಗಳಿಗೆ ಇಸ್ತ್ರಿ ಪೆಟ್ಟಿಗೆಯಿಂದ ಮೇಣ ಕರಗಿಸಿ ತಿಕ್ಕುತ್ತಿದ್ದ. ಬೇಸಿಗೆಗೆ ಎತ್ತಿಡುವ ಮುಂಚೆ ಹಾಗೆ ಮಾಡುತ್ತಾರೆ, ತಳ ಒಣಗಬಾರದು ಎಂದು.

"ಅಪ್ಪಾ, ನಾನು ನಿಲ್ಲಿಸ್ತೀನಿ," ಅಂದಳು ಸ್ವೀಡಿಷ್‌ನಲ್ಲಿ.

"ಕಾಲು ನೋಯುವಾಗ ಎಲ್ಲರೂ ಹಾಗೇ ಹೇಳ್ತಾರೆ."

"ಕಾಲಿನ ಮಾತಲ್ಲ. ಇನ್ನೊಂದು ಆಪರೇಷನ್ ನಂಗೆ ಬೇಡ."

ಇಸ್ತ್ರಿ ಪೆಟ್ಟಿಗೆ ಸ್ಕೀಯ ಮೇಲೆ ಹೋಗಿ ಬಂತು, ಹೋಗಿ ಬಂತು. ಮಗಳು ಬಿದ್ದದ್ದನ್ನು ಅವನು ಕ್ಷಮಿಸಬಲ್ಲ. ನಿಲ್ಲಿಸಿದ್ದನ್ನು ಕ್ಷಮಿಸುವುದು ಅವನಿಗೆ ಗೊತ್ತಿರಲಿಲ್ಲ. ಅವನಿ ಬಹಳ ಹೊತ್ತು ಕಾದಳು. ಅವನು ತಿರುಗಲಿಲ್ಲ. ಕೊನೆಗೆ ಅವಳೇ ಬಾಗಿಲು ಎಳೆದುಕೊಂಡು ಬಂದಳು.

ಸೊಲ್ಲೆಂಟುನಾದಲ್ಲಿ ಅಭಯ್‌ನ ಕಟ್ಟಡದ ಲಿಫ್ಟು ಕೆಟ್ಟಿತ್ತು. ಬಾಗಿಲಿಗೆ ಅಂಟಿಸಿದ್ದ ಚೀಟಿಯನ್ನು ಅವನಿ ಎರಡು ಸಲ ಓದಿದಳು. ಬೆಟ್ಟದಿಂದ ಇಲ್ಲಿಯವರೆಗೆ ರೈಲಿನಲ್ಲಿ ಒಬ್ಬಳೇ ಬಂದಿದ್ದಳು, ಬೆನ್ನಿಗೆ ಚೀಲ, ಕಂಕುಳಲ್ಲಿ ಎರಡು ಊರುಗೋಲು. ಈಗ ಮೆಟ್ಟಿಲು. ಹುಟ್ಟಿದಾಗಿನಿಂದ ಇಳಿಯುವುದನ್ನೇ ಕಲಿತವಳು. ಹತ್ತಲಿಕ್ಕೆ ಯಾವಾಗಲೂ ಯಾವುದೋ ಲಿಫ್ಟು ಇರುತ್ತಿತ್ತು.

ಮೆಟ್ಟಿಲಿಗೆ ಬೆನ್ನು ಹಾಕಿ ಕೂತಳು. ಒಳ್ಳೆಯ ಕಾಲನ್ನೊತ್ತಿ, ಕೈಯೂರಿ, ಕೂತಲ್ಲಿಂದಲೇ ಮೇಲಿನ ಮೆಟ್ಟಿಲಿಗೆ ಏರಿದಳು. ಮತ್ತೊಂದು. ಊರುಗೋಲು ಜಾರಿ ಕೆಳಗೆ ಬಿದ್ದು ದೊಡ್ಡ ಸದ್ದು ಮಾಡಿತು.

ಮೇಲೆ ಬಾಗಿಲು ತೆರೆಯಿತು. ಇಣುಕಿದ ಅಭಯ್ ಗಡ್ಡ ಬಿಟ್ಟಿದ್ದ, ಸೊರಗಿಹೋಗಿದ್ದ. ಧಡಧಡ ಓಡಿಬಂದವನು ಅವಳಿಗಿಂತ ಸ್ವಲ್ಪ ಮೇಲೆಯೇ ನಿಂತುಬಿಟ್ಟ.

"ಯಾಕ್ ಬಂದೆ? ಈ ಕಾಲಲ್ಲಿ..."

"ಫೋನ್ ಎತ್ತಿದ್ರ ಬರ್ತಿರಲಿಲ್ಲ."

"ಎತ್ಕೊಂಡು ಹೋಗ್ತೀನಿ, ಇರು."

"ಮುಟ್ಟಬ್ಯಾಡ. ಬೇಕಾದ್ರ ಕೂಡು."

ಅವನು ಅವಳ ಪಕ್ಕದಲ್ಲಿ ಕೂತ. ತಣ್ಣಗಿನ ಸಿಮೆಂಟು. ಯಾರದೋ ಮನೆಯಿಂದ ಮೀನು ಕರಿಯುವ ವಾಸನೆ. ಅವನು ತನ್ನ ಕೈಗಳನ್ನೇ ನೋಡಿಕೊಂಡು ಹೇಳಿದ: "ಬಟನ್ ಬಿಡಬೇಕಿತ್ತು ಅವನಿ. ನಿನಗಿಂತ ಮುಂಚೆ ಇಳಿದ ಹುಡುಗಿ ನನ್ನ ಕಣ್ಮುಂದೆ ಬಿದ್ದಳು. ಎಲುಬು ಹೊರಗೆ ಬಂದಿತ್ತು. ಬಟನ್ ಬಿಡೋಕೆ ಆಗ್ಲಿಲ್ಲ. ನಿನ್ನ ಇಡೀ ಲೈಫ್ ನಾನು..."

"ಸುಮ್ನ ಕೇಳು." ಅವನಿ ಒಂದು ಮೆಟ್ಟಿಲು ಏರಿದಳು. ಅವನೂ ಏರಿದ. "ಎಲ್ಲರೂ ನಾ ನಿನ್ನ ಮಾತು ಕೇಳಿ ಹೆದರಿದೆ ಅಂತಾರ. ನಾ ಹೆದರಲಿಲ್ಲ. ಸಣ್ಣಾಕಿ ಇದ್ದಾಗಿಂದ ನಂಗ ಕೆಳಗ ಜೀವ ಉಳಿಸ್ಕೊಂಡು ಹೋಗಿ ಮುಟ್ಟಬೇಕಂತ ಅನಿಸಿದ್ದೇ ಇಲ್ಲ. ಎಲ್ಲರಕಿಂತ ಮೊದಲು ಮುಟ್ಟಬೇಕು, ಅಷ್ಟ. ಸತ್ತು ಮುಟ್ಟಿದ್ರೂ ನಡೀತಿತ್ತು. ಅವತ್ತು ಜಂಪ್‌ನ್ಯಾಗ ನಿನ್ನ ಜಾಕೆಟ್ ಕಂಡಿತು. ಇವನ ಕೂಡ ಮನಿಗೆ ಹೋಗಬೇಕು ಅನಿಸ್ತು. ಪೂರ್ತಿ, ಜೀವಂತ. ಅದಕ್ಕ ವಾಲಿದೆ. ನೀ ಅನ್ನದಿದ್ರೂ ವಾಲ್ತಿದ್ದೆ. ಅವತ್ತಲ್ಲದಿದ್ರ ಮುಂದಿನ ರೇಸ್‌ನ್ಯಾಗ."

ಅಭಯ್ ಅಂಗೈಯಿಂದ ಕಣ್ಣೊರೆಸಿಕೊಂಡ.

"ಹಂಗ ಅನಿಸಿದ ಮ್ಯಾಲೆ ಯಾರೂ ಗೆಲ್ಲೂದಿಲ್ಲ," ಅಂದಳು. "ಅದಕ್ಕ ನಿಲ್ಲಿಸಿದೆ. ಅಪ್ಪ ಮಾತಾಡೂದಿಲ್ಲ ನನ್ನ ಜೊತಿ. ಇನ್ನ ಎಷ್ಟು ವರ್ಷ ಆಡೂದಿಲ್ಲೋ ಗೊತ್ತಿಲ್ಲ. ನಂಗ ಬ್ಯಾರೆ ಕೆಲಸ ಏನೂ ಬರೂದಿಲ್ಲ. ಈ ಕಾಲು ಮಳಿ ಬಂದ್ರ ನೋಯ್ತದ. ಇಷ್ಟೆಲ್ಲ ಇಟ್ಕೊಂಡು ಬಂದೀನಿ. ನೋಡು, ಬೇಕಾದ್ರ ಬಾಗಿಲು ಹಾಕ್ಕೋ."

ಅವನು ಮುಖ ತಿರುಗಿಸಿ ಅವಳನ್ನು ನೋಡಿದ. "ಬಾಗಿಲು ಇನ್ನೂ ಮೇಲಿದೆ ಕಣೇ," ಅಂದ. "ಅಲ್ಲೀವರೆಗೆ ಹೋದ್ರೆ ತಾನೆ ಹಾಕೋದು?"

"ಹೌದು ಅನ್ನು, ಇಲ್ಲ ಅನ್ನು. ಜೋಕ್ ಆಮ್ಯಾಲೆ."

"ಹೌದು."

ಕೆಳಗಿನಿಂದ ಮೀನಿನ ಮನೆಯ ಮುದುಕಿ ಕಸದ ಚೀಲ ಹಿಡಿದು ಹೊರಗೆ ಬಂದಳು. ಮೆಟ್ಟಿಲ ಮೇಲೆ ಬೆನ್ನು ಹಿಂದಾಗಿ ಕೂತ ಇಬ್ಬರನ್ನೂ ನೋಡಿ, ಈ ದೇಶದಲ್ಲಿ ಯಾರೂ ಏನನ್ನೂ ಕೇಳುವುದಿಲ್ಲವಲ್ಲ, "ಹೇಯ್" ಅಂತ ನಮಸ್ಕಾರವಷ್ಟೇ ಹೇಳಿದಳು. ಬಿದ್ದಿದ್ದ ಊರುಗೋಲನ್ನು ಗೋಡೆಗೆ ಒರಗಿಸಿಟ್ಟು ಹೊರಟಳು.

ಅವನಿ ಕೈಯೂರಿ ಇನ್ನೊಂದು ಮೆಟ್ಟಿಲು ಏರಿದಳು. ನೋವಿಗೆ ತುಟಿ ಕಚ್ಚಿದಳು. ಅಭಯ್ ಅವಳು ಏರುವವರೆಗೆ ಕಾದು, ಆಮೇಲೆ ತಾನೂ ಏರಿ ಪಕ್ಕದಲ್ಲಿ ಕೂತ.